ರೇಡಿಯೊ ಪರದೆಗೆ ಎಷ್ಟು ಕಿವಿ ಬೇಕು?

ವಾಲ್ವ್ ರೇಡಿಯೊ ಕಂಡವರಿಗೆ ಅದರ ಹಸಿರು ಕಣ್ಣೂ ನೆನಪಿರುತ್ತದೆ. ಮರ್ಫಿಯೋ ಫಿಲಿಪ್ಸೋ ಬುಷ್ಷೋ, ಸ್ವಲ್ಪ ದುಬಾರಿ ಪೆಟ್ಟಿಗೆಯಾಗಿದ್ದರೆ ಅದರ ಮುಖದ ಮೇಲೆ ಕಾಸಗಲದ ಒಂದು ಗಾಜಿನ ಕಿಂಡಿ, ಒಳಗೆ ಪಾಚಿ ಬಣ್ಣದ ಬೆಳಕು. ಕಿವಿ ತಿರುವುತ್ತ ಹೋದಂತೆ ಬೆಳಕಿನ ನಡುವಿನ ಕಪ್ಪು ಸಂದು ಕಿರಿದಾಗುತ್ತಿತ್ತು. ಸ್ಟೇಷನ್ನು ನೆಟ್ಟಗೆ ಸಿಕ್ಕಿತೆಂದರೆ ಬೆಕ್ಕು ಕಣ್ಣು ಮುಚ್ಚಿದ ಹಾಗೆ ಸಂದು ಕೂಡಿಕೊಳ್ಳುತ್ತಿತ್ತು. ಯಾದಗಿರಿ, ಸೈದಾಪುರ ಕಡೆಯ ಮನೆಗಳಲ್ಲಿ ಹೈದರಾಬಾದ್ ಕೇಂದ್ರವನ್ನು ಹಿಡಿಯುವಾಗ, ರಾತ್ರಿ ರೇಡಿಯೊ ಸಿಲೋನಿನ ಬೆನ್ನು ಹತ್ತಿದಾಗ, ಹಿರಿಯರ ಕೈ ಕಿವಿಯ ಮೇಲೆ, ಮಕ್ಕಳ ಕಣ್ಣು ಆ ಕಣ್ಣಿನ ಮೇಲೆ.

ಅಮೆರಿಕದ ಆರ್‌ಸಿಎ ಕಂಪನಿ ಈ ಮಾಯಾಕಣ್ಣಿನ ವಾಲ್ವನ್ನು 1935ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ದೊಡ್ಡ ಗುಣ ಏನೆಂದರೆ ಅದಕ್ಕೆ ಪ್ರತ್ಯೇಕ ಕಿವಿ ಇರಲಿಲ್ಲ. ಹೊಳಪು ಹೆಚ್ಚಿಸು, ಅಗಲ ಮಾಡು, ಬಣ್ಣ ಬದಲಿಸು ಎಂಬ ರಗಳೆಯೇ ಇಲ್ಲ. ಅದಕ್ಕೆ ಹೇಳಲಿಕ್ಕೆ ಇದ್ದದ್ದು ಒಂದೇ ಮಾತು: ಸಿಕ್ಕಿತೋ ಇಲ್ಲವೋ. ಆ ಮಾತನ್ನು ಅದು ಸುಳ್ಳಿಲ್ಲದೆ ಹೇಳುತ್ತಿತ್ತು.

ಈಗಿನ ಹವ್ಯಾಸಿ ರೇಡಿಯೊದವರ ಮುಂದಿರುವ ಕಣ್ಣು ಹೀಗಲ್ಲ. ಅದು ಅಂಗೈಯಿಂದ ಹಿಡಿದು ಟೀವಿಯಷ್ಟು ಅಗಲದವರೆಗೆ ಇರುವ ಬಣ್ಣದ ಪರದೆ. ಅದು ಹೇಳುವ ಮಾತು ನೂರು. ಅದಕ್ಕಿರುವ ಕಿವಿಗಳೂ, ಅಂದರೆ ಪರದೆಯ ಮೇಲೆ ಬರುವ ಗುಂಡಿ, ಜಾರುಪಟ್ಟಿ, ಪಟ್ಟಿಯೊಳಗಿನ ಪಟ್ಟಿ ಎಲ್ಲ ಸೇರಿಸಿದರೆ, ಕೆಲವು ತಂತ್ರಾಂಶಗಳಲ್ಲಿ ಇಪ್ಪತ್ತು ದಾಟುತ್ತವೆ. ಇವುಗಳಲ್ಲಿ ಯಾವುದನ್ನು ಕೈಗೆ ಕೊಡಬೇಕು, ಯಾವುದನ್ನು ಯಂತ್ರಕ್ಕೆ ಬಿಡಬೇಕು ಎಂಬುದು ಪರದೆ ರೂಪಿಸುವವರ ತಲೆನೋವು. ತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು ಸೈದಾಪುರದಲ್ಲೇ ಒಬ್ಬ ಹ್ಯಾಮ್ ಇದ್ದಾನೆಂದು ಕಲ್ಪಿಸಿಕೊಳ್ಳಿ. ರೈಲ್ವೆ ಸ್ಟೇಷನ್ನಿಗೆ ಅಷ್ಟೇನೂ ದೂರವಲ್ಲದ ಮಾಳಿಗೆ ಮನೆ. ಮಾಳಿಗೆಯ ಮೇಲಿಂದ ಬೇವಿನ ಮರಕ್ಕೆ ಎಳೆದು ಕಟ್ಟಿದ ಇಪ್ಪತ್ತು ಮೀಟರ್ ತಂತಿ. ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, 'ವಿಯು' ಎಂದು ಶುರುವಾಗುವ ಕರೆಹೆಸರು ಇಟ್ಟುಕೊಂಡವನು. ಅವನಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಬಿಡಿಭಾಗ ಬೇಕೆಂದರೆ ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ಬರುತ್ತಾನೆ.

ಅವನಿಗೆ ಪರದೆ ಯಾಕೆ ಬೇಕು? ಹ್ಯಾಮ್‌ಗಳು ಹೆಚ್ಚಾಗಿ ಸೇರುವ 40 ಮೀಟರ್ ಪಟ್ಟಿ ನಮ್ಮಲ್ಲಿ 7,000ದಿಂದ 7,200 ಕಿಲೋಹರ್ಟ್ಸ್‌ವರೆಗೆ ಇದೆ. ಒಬ್ಬರ ಮಾತಿಗೆ ಹಿಡಿಯುವ ಜಾಗ ಸುಮಾರು 3 ಕಿಲೋಹರ್ಟ್ಸ್. ಕಿವಿಗೆ ಕೇಳಿಸುವುದು ಒಂದು ಸಲಕ್ಕೆ ಆ 3 ಮಾತ್ರ, ಉಳಿದ 197ರಲ್ಲಿ ಯಾರು ಕೂಗಿದರೂ ತಿಳಿಯುವುದಿಲ್ಲ. ಸಂತೆಗೆ ಹೋದವನು ಬಾಗಿಲ ಸಂದಿಯಲ್ಲಿ ಒಂದೇ ಅಂಗಡಿ ನೋಡಿ ಬಂದಂತೆ. ಇಡೀ ಸಂತೆಯನ್ನು ಒಂದೇ ನೋಟದಲ್ಲಿ ತೋರಿಸುವುದು ಪರದೆಯ ಕೆಲಸ.

ಈ ಆಸೆ ಹೊಸದಲ್ಲ. ಜರ್ಮನಿಯ ಬ್ರೌನ್ 1897ರಲ್ಲಿ ಕಟ್ಟಿದ ಕ್ಯಾಥೋಡ್ ಕಿರಣ ಕೊಳವೆಯಿಂದ ಎಲ್ಲ ಆಸಿಲೋಸ್ಕೋಪುಗಳೂ ಹುಟ್ಟಿದವು. ಎರಡನೇ ಮಹಾಯುದ್ಧದ ಹೊತ್ತಿಗೆ ರೇಡಿಯೊ ಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿ, ಸಿಕ್ಕಿದ ಸಂಕೇತಗಳನ್ನು ಕೋಲುಗಳಂತೆ ನಿಲ್ಲಿಸಿ ತೋರಿಸುವ ಪೆಟ್ಟಿಗೆಗಳು ಬಂದವು. 1960ರ ದಶಕದಲ್ಲಿ ಅಮೆರಿಕದ ಹೀತ್‌ಕಿಟ್ ಕಂಪನಿ 'ಹ್ಯಾಮ್-ಸ್ಕ್ಯಾನ್' ಎಂಬ ಪೆಟ್ಟಿಗೆಯನ್ನು ಬಿಡಿಬಿಡಿಯಾಗಿ ಮಾರುತ್ತಿತ್ತು. ಕೊಂಡವರು ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕು. ನಮ್ಮಲ್ಲಿ ಅಂಥವು ಅಪರೂಪ. ಯುದ್ಧ ಮುಗಿದ ಮೇಲೆ ವಿಲೇವಾರಿಯಾದ ಸೇನೆಯ ಸಾಮಾನು, ಗುಜರಿ ಅಂಗಡಿಯ ಕೊಳವೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಆರಿಸಿ ತಂದ ಟ್ರಾನ್ಸ್‌ಫಾರ್ಮರು, ಇವುಗಳಲ್ಲೇ ನಮ್ಮವರ ಸಾಹಸ.

ಆ ಹಳೆಯ ಪೆಟ್ಟಿಗೆಗಳ ಮುಖ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಹೊಳಪು, ಫೋಕಸ್ಸು, ಮೇಲೆ-ಕೆಳಗೆ ಸರಿಸುವುದು, ಎಡಕ್ಕೆ-ಬಲಕ್ಕೆ ಸರಿಸುವುದು: ಅರ್ಧಕ್ಕರ್ಧ ಕಿವಿಗಳು ಕೊಳವೆಯ ಸೇವೆಗೇ ಮೀಸಲು. ನಿಜವಾಗಿ ರೇಡಿಯೊದವನ ಕೆಲಸಕ್ಕೆ ಬರುತ್ತಿದ್ದುದು ಎರಡೋ ಮೂರೋ. ಕೊಳವೆ ಹೋಗಿ ಚಪ್ಪಟೆ ಪರದೆ ಬಂದಾಗ ಸೇವೆಯ ಕಿವಿಗಳು ಮಾಯವಾಗಿ, ಉಳಿದ ಎರಡು ಮೂರು ಮಾತ್ರ ಚೊಕ್ಕವಾಗಿ ಮುಂದೆ ಬರಬೇಕಿತ್ತು. ಆದದ್ದು ಉಲ್ಟಾ. ತಂತ್ರಾಂಶದಲ್ಲಿ ಒಂದು ಗುಂಡಿ ಸೇರಿಸಲು ಕಬ್ಬಿಣ ಕೊರೆಯಬೇಕಾಗಿಲ್ಲ, ಕಾಸು ಖರ್ಚಿಲ್ಲ. ಹಾಗಾಗಿ ಸೇರಿಸುತ್ತಲೇ ಹೋದರು.

ಪರದೆ ಎಲ್ಲರ ಕೈಗೆ ಬಂದದ್ದು 2012ರಿಂದೀಚೆಗೆ. ಕಂಪ್ಯೂಟರಿನಲ್ಲಿ ಟೀವಿ ನೋಡಲೆಂದು ಮಾಡಿದ್ದ ಅಗ್ಗದ ಕಡ್ಡಿಯೊಂದರ ಒಳಗಿನ ಚಿಪ್ಪು, ಗಾಳಿಯಲ್ಲಿ ಹಿಡಿದ ಅಲೆಯನ್ನು ಹಸಿಹಸಿಯಾಗಿ ಅಂಕಿಗಳ ರೂಪದಲ್ಲಿ ಕೊಡಬಲ್ಲದು ಎಂದು ಫಿನ್ಲೆಂಡಿನ ಆಂಟಿ ಪಾಲೊಸಾರಿ ಮತ್ತಿತರರು ಕಂಡುಕೊಂಡರು. ಆ ಅಂಕಿಗಳ ರಾಶಿಯನ್ನು ಕೇರಿ, ಯಾವ ಕಂಪನಾಂಕದಲ್ಲಿ ಎಷ್ಟು ಬಲವಿದೆ ಎಂದು ಬೇರ್ಪಡಿಸುವ ಚುರುಕು ಲೆಕ್ಕವನ್ನು ಕೂಲಿ ಮತ್ತು ಟ್ಯೂಕಿ 1965ರಲ್ಲೇ ಪ್ರಕಟಿಸಿದ್ದರು. ಎರಡೂ ಕೂಡಿದಾಗ ಬಂದದ್ದೇ 'ವಾಟರ್‌ಫಾಲ್', ಅಂದರೆ ಜಲಪಾತ. ಎಡದಿಂದ ಬಲಕ್ಕೆ ಕಂಪನಾಂಕ, ಮೇಲಿಂದ ಕೆಳಕ್ಕೆ ಕಾಲ, ಬಣ್ಣದಲ್ಲಿ ಬಲ. ಪ್ರತಿ ಕ್ಷಣಕ್ಕೊಂದು ಗೆರೆ ಮೇಲೆ ಹುಟ್ಟಿ ಹಳೆಯ ಗೆರೆಗಳನ್ನು ಕೆಳಕ್ಕೆ ತಳ್ಳುತ್ತದೆ. ಮೋರ್ಸ್ ಕಳಿಸುವವನು ಚುಕ್ಕೆ-ಗೀಟುಗಳ ಸರವಾಗಿ, ಮಾತಾಡುವವನು ಗೀಚುಗೀಚಾದ ಪಟ್ಟಿಯಾಗಿ ಇಳಿದುಬರುತ್ತಾನೆ. ನಮ್ಮ ಸೈದಾಪುರದವನು ಇದನ್ನು ಮೊದಲ ಸಲ ಹಚ್ಚಿದಾಗ ಹಿಂದೆ ನಿಂತು ನೋಡಿದ ಅವ್ವ "ಏನಪಾ, ಟೀವಿ ಕೆಟ್ಟದೇನು?" ಎಂದು ಕೇಳಿದರೆ ಅದರಲ್ಲಿ ತಪ್ಪೇನಿಲ್ಲ.

ಈಗ ಕಿವಿಗಳ ವಿಚಾರ. ಮೊದಲನೆಯದು ಅಗಲ: ಪರದೆಯಲ್ಲಿ ಎಷ್ಟು ಕಿಲೋಹರ್ಟ್ಸ್ ತುಂಬಬೇಕು ಎಂಬುದು. 800 ಚುಕ್ಕಿ ಅಗಲದ 7 ಅಂಗುಲದ ಪರದೆಯಲ್ಲಿ ಇಡೀ 200 ಕಿಲೋಹರ್ಟ್ಸ್ ತುಂಬಿದರೆ ಒಂದು ಚುಕ್ಕಿಗೆ 250 ಹರ್ಟ್ಸ್. ಒಬ್ಬರ ಮಾತು 12 ಚುಕ್ಕಿ, ಮೋರ್ಸ್ ಒಂದು ಕೂದಲೆಳೆ. ಬೇಕಾದವರನ್ನು ಬೆರಳಿಂದ ಮುಟ್ಟಿ ಆರಿಸಿ ಎನ್ನುತ್ತಾರೆ. ಅಂಥ ಪರದೆಯ ಮೇಲೆ ಸೆಂಟಿಮೀಟರ್ ಅಗಲದ ಬೆರಳು ಊರಿದರೆ ಅದರ ಅಡಿಗೆ 13 ಕಿಲೋಹರ್ಟ್ಸ್ ಬರುತ್ತದೆ. ಎಂದರೆ ಬೆರಳಿನ ಕೆಳಗೆ ನಾಲ್ಕು ಮಂದಿ ಬೇರೆಬೇರೆ ಮಾತಾಡುತ್ತ ಕುಳಿತಿರಬಹುದು! ಆದ್ದರಿಂದ ಬೆರಳು ಓಣಿ ತೋರಿಸಲಿ, ಮನೆಯ ಬಾಗಿಲಿಗೆ ಒಯ್ಯಲು ತಿರುಗುವ ನಿಜವಾದ ಕಿವಿಯೇ ಇರಲಿ ಎನ್ನುವುದು ಪಳಗಿದವರ ಮಾತು.

ಹೈದರಾಬಾದಿನ ಅಶರ್ ಫರ್ಹಾನ್ ರೂಪಿಸಿದ ರೇಡಿಯೊಗಳಲ್ಲಿ ಈ ಎಳೆದಾಟ ಚೆನ್ನಾಗಿ ಕಾಣುತ್ತದೆ. ವಿಯು2ಇಎಸ್‌ಇ ಎಂಬ ಕರೆಹೆಸರಿನ ಇವರ 'ಬಿಟ್‌ಎಕ್ಸ್' ಎಂಬ ಅಗ್ಗದ ರೇಡಿಯೊ ಜಗತ್ತಿನ ಹ್ಯಾಮ್‌ಗಳಿಗೆಲ್ಲ ಪರಿಚಿತ. ಅದರ ಮುಂದಿನ ತಲೆಮಾರಿನ ಸುರುಳಿಗಳನ್ನು ಹೈದರಾಬಾದಿನ ಹೆಣ್ಣುಮಕ್ಕಳ ಗುಂಪೊಂದು ಕೈಯಲ್ಲೇ ಸುತ್ತಿ ಕೊಟ್ಟಿತು. 2017ರ ಕೊನೆಗೆ ಬಂದ 'ಮೈಕ್ರೊಬಿಟ್‌ಎಕ್ಸ್'ಗೆ ಪರದೆ ಎಂದರೆ ಹದಿನಾರು ಅಕ್ಷರದ ಎರಡು ಸಾಲು ಅಷ್ಟೆ. ದನಿ ಏರಿಳಿಸುವ ಕಿವಿ ಬಿಟ್ಟರೆ ಉಳಿದ ಎಲ್ಲ ಕೆಲಸಕ್ಕೂ ತಿರುಗಿಸಿ ಒತ್ತುವ ಒಂದೇ ಕಿವಿ. ಸಂಕೇತವನ್ನು ಕಣ್ಣಿಗೆ ತೋರಿಸುವ ಗೋಜೇ ಇಲ್ಲ. ಆಮೇಲಿನ 'ಎಸ್‌ಬಿಟ್‌ಎಕ್ಸ್'ನಲ್ಲಿ ರಾಸ್ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು, 7 ಅಂಗುಲದ ಮುಟ್ಟುಪರದೆ, ಅದರಲ್ಲಿ ಜಲಪಾತ. ಆದರೂ ಪಕ್ಕದಲ್ಲಿ ತಿರುಗುವ ಎರಡು ಕಿವಿಗಳನ್ನು ಅವರು ಉಳಿಸಿಕೊಂಡರು. ಇದು ಹಳೆಯ ಕಾಲದ ಮೇಲಿನ ಮೋಹವಲ್ಲ, ಬೆರಳಿನ ಲೆಕ್ಕ. ಇನ್ನೊಂದು ಒಳ್ಳೆಯ ಕೆಲಸವೆಂದರೆ ತಂತ್ರಾಂಶವನ್ನು ಬಿಚ್ಚಿಟ್ಟದ್ದು. ಪರದೆ ಹಿಡಿಸದವರು ತಾವೇ ತಿದ್ದಿಕೊಂಡರು, ಎಷ್ಟೋ ಮಂದಿ ಮೈಕ್ರೊಬಿಟ್‌ಎಕ್ಸ್‌ಗೆ ಬೇರೆಯೇ ಪರದೆ ಕೂರಿಸಿದರು.

ಎರಡನೆಯ ಕಿವಿ ನಡಿಗೆಯದು: ಜಲಪಾತ ಎಷ್ಟು ನಯವಾಗಿ, ಎಷ್ಟು ಬೇಗ ಇಳಿಯಬೇಕು? ಇಲ್ಲಿ ಪ್ರಕೃತಿಯದೇ ಒಂದು ಕಟ್ಟಳೆಯಿದೆ, ಯಾವ ಜಾಣನೂ ಮೀರಲಾರ. ಸೆಕೆಂಡಿಗೆ 48,000 ಅಂಕಿ ಬರುತ್ತಿವೆ ಎನ್ನಿ. 1,024 ಅಂಕಿಗಳನ್ನು ಒಂದು ಕಟ್ಟು ಮಾಡಿ ಲೆಕ್ಕ ಹಾಕಿದರೆ 47 ಹರ್ಟ್ಸ್‌ನಷ್ಟು ಹತ್ತಿರವಿರುವ ಎರಡು ಸಂಕೇತ ಬೇರೆಬೇರೆ ಕಾಣುತ್ತವೆ, ಒಂದು ಕಟ್ಟಿಗೆ ಹಿಡಿಯುವ ಕಾಲ 21 ಮಿಲಿಸೆಕೆಂಡು. 8,192ರ ಕಟ್ಟು ಮಾಡಿದರೆ 6 ಹರ್ಟ್ಸ್‌ವರೆಗೆ ಬಿಡಿಸಿ ನೋಡಬಹುದು, ಆದರೆ ಒಂದು ಕಟ್ಟಿಗೆ 170 ಮಿಲಿಸೆಕೆಂಡು. ನಿಮಿಷಕ್ಕೆ 20 ಪದದ ವೇಗದಲ್ಲಿ ಮೋರ್ಸ್ ಒತ್ತುವವನ ಒಂದು ಚುಕ್ಕೆಯ ಆಯುಸ್ಸು 60 ಮಿಲಿಸೆಕೆಂಡು. ಮೊದಲನೆಯದರಲ್ಲಿ ಚುಕ್ಕೆ ಚುಕ್ಕೆಯಾಗಿಯೇ ಕಾಣುತ್ತದೆ, ಎರಡನೆಯದರಲ್ಲಿ ಚುಕ್ಕೆ-ಗೀಟು ಕಲಸಿ ಒಂದೇ ದಾರವಾಗುತ್ತದೆ. ಯಾರೆಂದು ಬಿಡಿಸಿ ನೋಡಬೇಕೋ, ಏನು ಹೇಳುತ್ತಿದ್ದಾರೆಂದು ನೋಡಬೇಕೋ, ಎರಡರಲ್ಲೊಂದು. ಇದನ್ನು ತಯಾರಕರೇ ನಿರ್ಧರಿಸಿ ಮುಚ್ಚಿಡುವುದು ತರವಲ್ಲ. ಹಾಗೆಂದು '8192' ಎಂಬ ಅಂಕಿಯನ್ನು ಗುಂಡಿಯ ಮೇಲೆ ಬರೆದು ಕೂರಿಸುವುದೂ ತರವಲ್ಲ. 'ಮಾತು', 'ಮೋರ್ಸ್', 'ಕ್ಷೀಣ' ಎಂದು ಮೂರು ಹೆಸರು ಬರೆದರೆ ಮುಗಿಯಿತು.

ಇದರ ಜೊತೆಗೆ ಒಂದು ಸಣ್ಣ ವಿಷಯವಿದೆ, ಬಹಳ ಮಂದಿ ಮರೆಯುವಂಥದು. ಕಿವಿ ತಿರುವಿ 7,100ರಿಂದ 7,110ಕ್ಕೆ ಹೋದಾಗ ಪರದೆಯ ಹೊಸ ಗೆರೆಗಳು ಸರಿದು ಬರುತ್ತವೆ. ಆಗಲೇ ಇಳಿದ ಹಳೆಯ ಗೆರೆಗಳನ್ನೂ ಅಷ್ಟೇ ಸರಿಸಬೇಕು. ಸರಿಸದಿದ್ದರೆ ಅರ್ಧ ನಿಮಿಷದ ಹಿಂದೆ ಕರೆದವನು ಎಲ್ಲೋ ಇದ್ದವನು ಇನ್ನೆಲ್ಲೋ ಇದ್ದಂತೆ ಕಾಣುತ್ತಾನೆ. ಪರದೆ ಚೆಂದವಾಗಿಯೇ ಇರುತ್ತದೆ, ಆದರೆ ಅದು ಹೇಳುವ ಇತಿಹಾಸ ಮಾತ್ರ ಸುಳ್ಳು.

ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾಮನಬಿಲ್ಲಿನ ಏಳೂ ಬಣ್ಣ ಸುರಿದರೆ ಜಾತ್ರೆಯ ಬೆಂಡು-ಬತ್ತಾಸಿನ ಅಂಗಡಿಯಂತೆ ಕಾಣುತ್ತದೆ, ಆದರೆ ಹಸಿರು ಹೆಚ್ಚೋ ಹಳದಿ ಹೆಚ್ಚೋ ಎಂದು ಕಣ್ಣು ತಡವರಿಸುತ್ತದೆ. ಕೆಂಪು-ಹಸಿರಿನ ವ್ಯತ್ಯಾಸ ಕಾಣದ ಗಂಡಸರೂ ಅಪರೂಪವಲ್ಲ. ಕಪ್ಪಿನಿಂದ ಬಿಳಿಗೆ, ಇಲ್ಲವೇ ಕಡುನೀಲಿಯಿಂದ ಹಳದಿಗೆ ಹೊಳಪು ಸಮವಾಗಿ ಏರುವ ಬಣ್ಣಸಾಲೇ ಸಾಕು.

ಮೂರನೆಯ ಕಿವಿಯಲ್ಲಿದೆ ನಿಜವಾದ ಅಪಾಯ. ಅದನ್ನು 'ನೆಲ' ಎನ್ನಬಹುದು. ಎಷ್ಟು ಕ್ಷೀಣ ಸಂಕೇತದಿಂದ ಬಣ್ಣ ಹಚ್ಚಲು ಶುರು ಮಾಡಬೇಕು ಎಂಬುದು.

ಹ್ಯಾಮ್‌ಗಳು ಸಂಕೇತದ ಬಲವನ್ನು 'ಎಸ್' ಎಂಬ ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಎಸ್-9 ಎಂದರೆ ರೇಡಿಯೊದ ಬಾಗಿಲಲ್ಲಿ 50 ಮೈಕ್ರೊವೋಲ್ಟ್. ಅಲ್ಲಿಂದ ಒಂದೊಂದು ಮೆಟ್ಟಿಲು ಇಳಿದಂತೆ ಅರ್ಧಕ್ಕರ್ಧ, 6 ಡೆಸಿಬೆಲ್. ಎಸ್-1ಕ್ಕೆ ಬಂದಾಗ ಸುಮಾರು 0.2 ಮೈಕ್ರೊವೋಲ್ಟ್, 250ರಲ್ಲಿ ಒಂದು ಪಾಲು. ಎಸ್-9ಕ್ಕೂ ಮೇಲೆ ಅಬ್ಬರಿಸುವವರು ಬೇರೆ. ಪರದೆಯ ಬಣ್ಣದಲ್ಲಿ ಇರುವುದು 256 ಛಾಯೆ. ನೆಲದಿಂದ ಮುಗಿಲವರೆಗೆ 120 ಡೆಸಿಬೆಲ್ಲನ್ನೂ ಅದರಲ್ಲಿ ಹರಡಿದರೆ ಒಂದು ಡೆಸಿಬೆಲ್ಲಿಗೆ ಎರಡೇ ಛಾಯೆ. ಕ್ಷೀಣ ದನಿ ಗದ್ದಲದೊಳಗೆ ಗದ್ದಲವಾಗಿ ಅಡಗುತ್ತದೆ. ನೆಲದ ಮೇಲಿನ 40 ಡೆಸಿಬೆಲ್ಲಿಗೆ ಮಾತ್ರ ಹರಡಿದರೆ ಕ್ಷೀಣ ದನಿ ಎದ್ದು ಕಾಣುತ್ತದೆ, ಅಬ್ಬರಿಸುವವರು ಬರೀ ಬೆಳ್ಳಗಾಗುತ್ತಾರೆ. ಅಬ್ಬರಿಸುವವರನ್ನು ನೋಡಲು ಪರದೆ ಬೇಕಾಗಿಯೇ ಇಲ್ಲವಲ್ಲ! ಹಾಗಾಗಿ ನೆಲವನ್ನು ಗದ್ದಲದ ಮಟ್ಟಕ್ಕೆ ಸರಿಯಾಗಿ ತಾಗಿಸಿಡಬೇಕು.

ಗದ್ದಲವೋ, ಒಂದು ಕಡೆ ನಿಲ್ಲುವಂಥದಲ್ಲ. ಹಗಲು ರಾತ್ರಿಗೆ ಬದಲಾಗುತ್ತದೆ, ಮೋಡ ಗುಡುಗಿದರೆ ಬದಲಾಗುತ್ತದೆ, ಪಕ್ಕದ ಮನೆಯವರು ಫೋನಿಗೆ ಚಾರ್ಜು ಹಚ್ಚಿದರೆ ಬದಲಾಗುತ್ತದೆ. ಪ್ರತಿ ಸಲ ಕಿವಿ ತಿರುವುವವರು ಯಾರು? ಅದಕ್ಕೇ ತಯಾರಕರು 'ಆಟೋ' ಎಂಬ ಅನುಕೂಲ ಕೊಟ್ಟರು. ಯಂತ್ರವೇ ಸರಾಸರಿ ಗದ್ದಲ ಅಳೆದು, ನೆಲವನ್ನು ತಾನೇ ಏರಿಸುತ್ತದೆ, ಇಳಿಸುತ್ತದೆ. ಪರದೆ ಯಾವಾಗಲೂ ತಂಪಾದ ಕಡುನೀಲಿ. ನೋಡಲು ಹಿತ.

ಸೈದಾಪುರದ ಆ ಮನೆಯಲ್ಲಿ ಒಂದು ರಾತ್ರಿ ಹೀಗೆ ಕಡುನೀಲಿ ಪರದೆ ಹರಿಯುತ್ತಿದೆ ಎನ್ನಿ. ಗದ್ದಲ ಎಸ್-2. ಹತ್ತು ಗಂಟೆಗೆ ಹಿಂದಿನ ಓಣಿಯಲ್ಲಿ ಯಾರೋ ಒಂದು ಅಗ್ಗದ ಎಲ್‌ಇಡಿ ದೀಪವನ್ನೋ ಇನ್ವರ್ಟರನ್ನೋ ಹಚ್ಚಿದರು. ಗದ್ದಲ ಎಸ್-6ಕ್ಕೆ ಏರಿತು: ನಾಲ್ಕು ಮೆಟ್ಟಿಲು, ಹದಿನಾರು ಪಟ್ಟು. ಯಂತ್ರ ಸದ್ದಿಲ್ಲದೆ ನೆಲವನ್ನು ಅಷ್ಟೇ ಮೇಲೆತ್ತಿತು. ಪರದೆ ಮತ್ತೆ ಅದೇ ಕಡುನೀಲಿ. ಹತ್ತೂವರೆಗೆ ದೂರದಲ್ಲೆಲ್ಲೋ ಒಬ್ಬ ಎಸ್-4ರ ಬಲದಲ್ಲಿ ಕರೆಯುತ್ತಾನೆ. ಹತ್ತಕ್ಕೆ ಮುಂಚೆಯಾಗಿದ್ದರೆ ಪರದೆಯ ಮೇಲೆ ಮಿಣುಕು ಗೆರೆಯಾಗಿ ಕಾಣುತ್ತಿದ್ದ. ಈಗ ಕಾಣುವುದಿಲ್ಲ. ಕಾಣದಿರುವುದು ಭೌತಶಾಸ್ತ್ರದ ದೋಷ, ಪರದೆಯದಲ್ಲ. ಪರದೆಯ ದೋಷ ಬೇರೆ. ತಾನು ಕಿವುಡಾದೆ ಎಂಬುದನ್ನೇ ಅದು ಹೇಳಲಿಲ್ಲ. ನೋಡುವವನು "ಇವತ್ತು ಯಾರೂ ಇಲ್ಲ" ಎಂದುಕೊಂಡು ಮಲಗುತ್ತಾನೆ. ಯಾರೂ ಇಲ್ಲದಿರುವುದಕ್ಕೂ ತನಗೆ ಕೇಳದಿರುವುದಕ್ಕೂ ಇರುವ ವ್ಯತ್ಯಾಸವನ್ನು ಆಟೋ ಗುಂಡಿ ಒರೆಸಿಹಾಕಿರುತ್ತದೆ.

ಎಸ್ ಮೀಟರಿನ ಮುಳ್ಳು ನೋಡಿದರೆ ಗೊತ್ತಾಗುತ್ತದಲ್ಲ ಎನ್ನಬಹುದು. ಗೊತ್ತಾಗುತ್ತದೆ, ನೋಡಿದರೆ. ಬಣ್ಣದ ಪರದೆ ಬಂದ ಮೇಲೆ ಮೂಲೆಯ ಮುಳ್ಳಿನ ಕಡೆ ಕಣ್ಣು ಹಾಯುವುದು ಕಡಿಮೆ.

ಕೇಳದಿರುವುದು ಎಷ್ಟು ದುಬಾರಿಯಾಗಬಹುದೆಂಬುದು ಊಹೆಯ ಮಾತಲ್ಲ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಕಡೆಯಿಂದ ಭಾರತಿ ಪ್ರಸಾದ್ ಮತ್ತು ಜೊತೆಗಾರರು ಅಂಡಮಾನಿಗೆ ಹೋಗಿದ್ದರು. ಹೋದದ್ದು ಹವ್ಯಾಸಕ್ಕೇ, ಬಹಳ ವರ್ಷ ಹ್ಯಾಮ್ ದನಿಯೇ ಕೇಳದಿದ್ದ ಆ ದ್ವೀಪಗಳಿಂದ ಜಗತ್ತನ್ನು ಮಾತಾಡಿಸಲು. ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಬಂತು. ಫೋನು ಕೈಕೊಟ್ಟಿತು. ಪೋರ್ಟ್‌ಬ್ಲೇರಿನಿಂದ ವಿಯು4ಆರ್‌ಬಿಐ ಎಂಬ ಆ ದನಿ ಹೊರಟು, ಬದುಕಿದವರ ಸುದ್ದಿ ಮುಖ್ಯಭೂಮಿಯ ಬಂಧುಗಳಿಗೆ ಮುಟ್ಟಿತು. ಅಂಥ ಹೊತ್ತಿನಲ್ಲಿ ಕರೆಯುವವನ ಬಳಿ ದೊಡ್ಡ ಆಂಟೆನಾ ಇರುವುದಿಲ್ಲ, ಬ್ಯಾಟರಿಯಲ್ಲಿ ಕಸುವು ಇರುವುದಿಲ್ಲ. ಅವನು ಎಸ್-9 ಆಗಿ ಬರುವುದಿಲ್ಲ, ನೆಲದ ಅಂಚಿನಲ್ಲೇ ಬರುತ್ತಾನೆ.

ಕಂಪ್ಯೂಟರೇ ಕೇಳಿಸಿಕೊಳ್ಳಲಿ, ಕಣ್ಣೇಕೆ ಎಂಬ ವಾದವೂ ಇದೆ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋಸೆಫ್ ಟೇಲರ್ ತಾವೂ ಹ್ಯಾಮ್. ಅವರೂ ಸ್ಟೀವ್ ಫ್ರಾಂಕೆಯವರೂ 2017ರಲ್ಲಿ ಕೊಟ್ಟ 'ಎಫ್‌ಟಿ8' ವಿಧಾನದಲ್ಲಿ 15 ಸೆಕೆಂಡಿಗೊಮ್ಮೆ ಹೋಗುವ ಪುಟ್ಟ ಸಂದೇಶವನ್ನು, ಕಿವಿಗೆ ಏನೇನೂ ಕೇಳದಷ್ಟು ಆಳದ ಗದ್ದಲದಿಂದಲೂ ಕಂಪ್ಯೂಟರು ಹೆಕ್ಕುತ್ತದೆ. ಅದ್ಭುತವೇ ಸರಿ. ಆದರೆ ಅದು ತನ್ನ ಗುರುತಿನವರನ್ನು ಮಾತ್ರ ಹೆಕ್ಕುತ್ತದೆ. ಗಾಬರಿಯಲ್ಲಿ ಬಾಯಿಗೆ ಬಂದಂತೆ ಕೂಗುವವನಿಗೆ ಇನ್ನೂ ಮನುಷ್ಯನ ಕಣ್ಣು ಕಿವಿಗಳೇ ಗತಿ.

ಹಾಗಾದರೆ ಆಟೋ ಬೇಡವೇ? ಬೇಕು, ಬೇರೆ ರೀತಿಯಲ್ಲಿ. ತಾನಾಗಿ ಸದಾ ಏರಿಳಿಯುವ ಆಟೋ ಬೇಡ. ಒತ್ತಿದಾಗ ಒಮ್ಮೆ ಮಾತ್ರ ಹೊಂದಿಸಿ ಸುಮ್ಮನಾಗುವ ಗುಂಡಿ ಇರಲಿ. ಮತ್ತೆ ಗದ್ದಲ ಏರಿದರೆ ಪರದೆ ಮಂಕು ಬೆಳಕಿನಿಂದ ತುಂಬಿಕೊಳ್ಳಲಿ, ಕೂತವನಿಗೆ ಕಿರಿಕಿರಿಯಾಗಲಿ. ಆ ಕಿರಿಕಿರಿಯೇ ಸುದ್ದಿ. ಜೊತೆಗೆ ನೆಲ ಈಗ ಎಲ್ಲಿದೆ ಎಂಬ ಅಂಕಿ ಪರದೆಯ ಅಂಚಿನಲ್ಲಿ, ಯಾವ ಪಟ್ಟಿ ತೆರೆದರೂ ಮುಚ್ಚದಂತೆ, ದಪ್ಪಗೆ ಇರಲಿ. ಅಂಕಿಯಾಗಿದ್ದರೆ ಇನ್ನೊಂದು ಲಾಭ: ದನಿಯಲ್ಲಿ ಓದಿ ಹೇಳಿಸಬಹುದು. ಕಣ್ಣು ಕಾಣದ ಹ್ಯಾಮ್‌ಗಳು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಜಲಪಾತದ ಬಣ್ಣ ಅವರಿಗೆ ಉಪಯೋಗವಿಲ್ಲ, ಕಂಪನಾಂಕವನ್ನು ಉಲಿಯುವ ಪುಟ್ಟ ಮಂಡಲಗಳನ್ನು ಅವರು ಮೊದಲಿನಿಂದಲೂ ಬಳಸಿದ್ದಾರೆ. ಗದ್ದಲ ನಾಲ್ಕು ಮೆಟ್ಟಿಲು ಏರಿತು ಎಂದು ಅದೇ ದನಿ ಹೇಳಿದರೆ, ಕಣ್ಣಿದ್ದೂ ಮೂಲೆಯ ಮುಳ್ಳು ನೋಡದವನಿಗಿಂತ ಅವರು ಹೆಚ್ಚು ತಿಳಿದಿರುತ್ತಾರೆ.

ಅಗಲ, ನಡಿಗೆ, ನೆಲ. ಮೊದಲ ಎರಡು ಒಂದೇ ಕಿವಿಯನ್ನು ಒತ್ತಿ ಬದಲಿಸಿಕೊಂಡರೂ ನಡೆದೀತು. ನೆಲಕ್ಕೆ ಮಾತ್ರ ಅದರದೇ ಕಿವಿ ಬೇಕು, ಕತ್ತಲಲ್ಲಿ ತಡವಿದರೂ ಸಿಗುವಂತೆ.

ಸೈದಾಪುರದ ಮನೆಯಲ್ಲಿ ಅಂಥ ಪರದೆ ಇದ್ದರೆ ರಾತ್ರಿ ಹೊತ್ತು ಅದರಲ್ಲಿ ಏನೇನು ಕಂಡೀತು? ಚಾರ್ಜರು, ಇನ್ವರ್ಟರುಗಳ ಗದ್ದಲ ಸಮದೂರದಲ್ಲಿ ನಿಂತ ಉದ್ದುದ್ದ ಹೊಗೆಯ ಕಂಬಗಳಾಗಿ, ಅತ್ತಿತ್ತ ತೂಗುತ್ತ ಇಳಿಯುತ್ತದೆ. ಮುಂಬಯಿ-ಚೆನ್ನೈ ಹಳಿಯ ಮೇಲೆ ಗೂಡ್ಸ್ ಗಾಡಿ ಹಾಯುವಾಗ ಮೇಲಿನ ತಂತಿಗೂ ಎಂಜಿನ್ನಿಗೂ ನಡುವೆ ಕಿಡಿ ಹಾರಿದರೆ ಅದು ಕಂಬವಲ್ಲ, ಈ ತುದಿಯಿಂದ ಆ ತುದಿಗೆ ಎಳೆದ ಅಡ್ಡಗೆರೆ. ಕ್ಷಣದ್ದು, ಎಲ್ಲ ಕಂಪನಾಂಕದಲ್ಲೂ ಇರುವಂಥದು. ಉದ್ದದ್ದು ಮನೆಯ ಗದ್ದಲ, ಅಡ್ಡದ್ದು ರೈಲಿನದು. ಒಂದು ವಾರ ನೋಡಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಾಡಿ ಕೃಷ್ಣೆಯ ಕಡೆ ಸರಿದುಹೋದಂತೆ ಅಡ್ಡಗೆರೆಗಳು ಅಪರೂಪವಾಗುತ್ತವೆ. ಅಂಚಿನ ಅಂಕಿ ಎಸ್-6ರಿಂದ ಐದಕ್ಕೆ, ನಾಲ್ಕಕ್ಕೆ ಇಳಿಯುತ್ತದೆ. ಅವನು ಕಿವಿಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುವಿ, ವಹಿಯಲ್ಲಿ ಹೊತ್ತು ಬರೆದುಕೊಂಡು, ಎರಡು ಹೊಗೆಗಂಬಗಳ ನಡುವೆ ಈಗಷ್ಟೇ ಮೂಡತೊಡಗಿದ ಒಂದು ಮಿಣುಕು ಸರದ ಕಡೆ ತಲೆ ಬಾಗಿಸುತ್ತಾನೆ.